ನುಸಿ ಗುಳಿಗೆ ಆಮ್ಲೆಟ್

ಆಮ್ಲೆಟ್ ಬಾಯಿಗಿಟ್ಟ ಕೂಡಲೇ ನನಗೆ ನಮ್ಮಜ್ಜಿ ನೆನಪಾದರು. ಅಜ್ಜಿ ತೀರಿಕೊಂಡು ಹದಿನೈದು ವರ್ಷವಾಯಿತು. ಅವರಿಗೂ ಆಮ್ಲೆಟ್‌ಗೂ ಏನೇನೂ ಸಂಬಂಧವಿಲ್ಲ. ಆದರೂ ಎರಡನೇ ತುತ್ತಿಗೆ ಅವರ ಕಬ್ಬಿಣದ ಟ್ರಂಕು, ಅದರೊಳಗಿನ ಧಾರೆ ಸೀರೆ, ಸೀರೆಯ ಮಡಿಕೆಯಲ್ಲಿ ಉರುಳಾಡುತ್ತಿದ್ದ ಬಿಳಿ ಗುಳಿಗೆ ಎಲ್ಲ ಕಣ್ಣೆದುರು ಬಂದವು.

“ರೀ, ಈ ಮೊಟ್ಟೆ ಬೀರು ವಾಸನೆ ಬರ್ತಿದೆ ಅಲ್ವಾ?” ಅಂದಳು ನನ್ನಾಕೆ. ಕುಡಿಯುವ ಬೀರಲ್ಲ, ಬಟ್ಟೆ ಇಡುವ ಬೀರು.

ನಾನು ತಲೆ ಎತ್ತಲಿಲ್ಲ. ಉತ್ತರ ನನಗೆ ಗೊತ್ತಿತ್ತು. ಹಿಂದಿನ ವಾರವೇ ಅದನ್ನು ಕೋಳಿಗೂಡಿನ ನಾಲ್ಕೂ ಮೂಲೆಗೆ ಇಟ್ಟು ಬಂದಿದ್ದೆ.

ಇದೆಲ್ಲ ಶುರುವಾದದ್ದು ಮದ್ದೂರಿನ ಕಡೆಯಿಂದ. ನಮ್ಮತ್ತೆ ಒಂದು ಭಾನುವಾರ ಬೋಗಾದಿಯ ನಮ್ಮ ಮನೆಗೆ ಬರುವಾಗ ಮಂಕರಿಯಲ್ಲಿ ಮೂರು ಹ್ಯಾಟೆ, ಒಂದು ಹುಂಜ ತಂದರು. ಬಸ್ಸಿನಲ್ಲಿ ಕಂಡಕ್ಟರ್ ಕೋಳಿಗಳಿಗೂ ಟಿಕೆಟ್ ಹರಿದರಂತೆ. ಹಾಗಾಗಿ ಆ ನಾಲ್ಕೂ ಕಾನೂನು ಪ್ರಕಾರವೇ ಮೈಸೂರಿಗೆ ಬಂದವು. ಮಂಕರಿಯ ಹೆಣಿಗೆಯ ಸಂದಿಯಲ್ಲಿ ಟಿಕೆಟ್ ಇಲ್ಲದೆ ಬಂದವರ ವಿಷಯ ಅವತ್ತು ಯಾರಿಗೂ ಗೊತ್ತಾಗಲಿಲ್ಲ.

ಗೂಡು ಕಟ್ಟಿದ್ದು ನಾನೇ. ಅಟ್ಟದ ಮೇಲೆ ಒಂದು ಹಳೇ ಮಂಚ ಬಿದ್ದಿತ್ತು. ಅದನ್ನು ಬಿಚ್ಚಿ, ಕಾಲು ಕೊಯ್ದು, ಜಾಲರಿ ಹೊಡೆದು, ಒಳಗೆ ಎರಡು ಅಡ್ಡಕೋಲು ಹಾಕಿದೆ. ಹಳೇ ಮರ ನೋಡಿ, ಸಂದಿಗೊಂದಿಗೆ ಬರವಿಲ್ಲ. ನನ್ನ ಕಣ್ಣಿಗೆ ಅದು ಗೂಡು. ಬೇರೆ ಕೆಲವರ ಕಣ್ಣಿಗೆ ಅದು ಬಾಡಿಗೆಯಿಲ್ಲದ ಅಪಾರ್ಟ್‌ಮೆಂಟು.

ನನ್ನ ಲೆಕ್ಕಾಚಾರ ಸರಳವಾಗಿತ್ತು. ಹಿತ್ತಲಲ್ಲಿ ಹನ್ನೆರಡು ಮೆಣಸಿನ ಗಿಡ, ನಾಲ್ಕು ಬದನೆ, ಒಂದು ಪಾತಿ ಮೆಂತ್ಯ, ಒಂದು ನುಗ್ಗೆ ಮರ. ಕೋಳಿ ಗಿಡದ ಹುಳ ತಿನ್ನುತ್ತದೆ, ಗಿಡಕ್ಕೆ ಗೊಬ್ಬರ ಕೊಡುತ್ತದೆ, ನಮಗೆ ಮೊಟ್ಟೆ ಕೊಡುತ್ತದೆ. ಕೋಳಿಗಳು ಹುಳ ತಿಂದದ್ದು ನಿಜ, ಸುಳ್ಳು ಹೇಳಬಾರದು. ಎರೆಹುಳ ಮೊದಲು ತಿಂದವು. ಆಮೇಲೆ ಮೆಂತ್ಯ. ಆಮೇಲೆ ಬದನೆ ಸಸಿಯ ಬುಡ ಕೆದಕಿ, ಬೇರು ಗಾಳಿಗೆ ಬಿಟ್ಟು, ಇದೇನು ಅಂತ ಬಗ್ಗಿ ನೋಡಿದವು. ಬದನೆ ಕಾಯಿಯ ಒಳಗೆ ಆರಾಮಾಗಿ ಕೂತಿದ್ದ ಕೊರಕನ ತಂಟೆಗೆ ಮಾತ್ರ ಒಂದೂ ಹೋಗಲಿಲ್ಲ.

ಮೆಣಸಿನ ಗಿಡಕ್ಕೆ ಮುಟುರು ರೋಗ ಬಂತು. ಇದರಲ್ಲೊಂದು ಗುಟ್ಟಿದೆ. ಎಲೆಯ ಅಂಚು ಮೇಲಕ್ಕೆ ಎದ್ದು ದೋಣಿ ಥರ ಮುದುರಿದರೆ ಅದು ಥ್ರಿಪ್ಸ್ ಅನ್ನುವ ರಸ ಹೀರುವ ಸಣ್ಣ ಹುಳದ ಕೆಲಸ. ದೋಣಿ ಬೋರಲು ಹಾಕಿದ ಹಾಗೆ ಕೆಳಕ್ಕೆ ಮುದುರಿದರೆ ನುಸಿ. ಭೂತಗನ್ನಡಿ ಹಿಡಿದು ಒಂದು ಸಂಜೆಯೆಲ್ಲ ನೋಡಿದೆ. ನಮ್ಮ ಗಿಡದಲ್ಲಿ ಕೆಲವು ಮೇಲಕ್ಕೆ, ಕೆಲವು ಕೆಳಕ್ಕೆ. ಎರಡು ಪಕ್ಷದವರೂ ಸಮ್ಮಿಶ್ರ ಸರ್ಕಾರ ಮಾಡಿಕೊಂಡಿದ್ದರು.

ಲೀಟರ್ ನೀರಿಗೆ ಐದು ಎಂಎಲ್ ಬೇವಿನ ಎಣ್ಣೆ ಕಲಸಿ ಸಿಂಪಡಿಸಿ ಅಂದರು ಗೊಬ್ಬರದಂಗಡಿಯವರು. ಜೊತೆಗೆ ಸ್ವಲ್ಪ ಸೋಪು ಹಾಕಿ ಅಂತಲೂ ಹೇಳಿದ್ದರು. ಸೋಪು ಯಾಕೆ ಸುಮ್ನೆ, ಗಿಡಕ್ಕೇನು ಸ್ನಾನವೇ ಅಂದುಕೊಂಡು ಬಿಟ್ಟೆ. ಸೋಪಿಲ್ಲದೆ ಎಣ್ಣೆ ನೀರಿನೊಂದಿಗೆ ಬೆರೆಯುವುದಿಲ್ಲ, ಮೇಲೆ ತೇಲುತ್ತದೆ. ಸ್ಪ್ರೇಯರಿನ ಕೊಳವೆಯೋ ತಳದಿಂದ ಹೀರುತ್ತದೆ. ಹಾಗಾಗಿ ಹನ್ನೊಂದು ಗಿಡಕ್ಕೆ ಬರೀ ನೀರು ಬಿತ್ತು, ಹನ್ನೆರಡನೆಯದಕ್ಕೆ ಬರೀ ಎಣ್ಣೆ ಬಿತ್ತು. ಅದೂ ಮಟಮಟ ಮಧ್ಯಾಹ್ನ. ಮಾರನೇ ದಿನ ಆ ಗಿಡ ಬಾಣಲೆಗೆ ಬಿದ್ದ ಹಪ್ಪಳದ ಹಾಗಾಗಿತ್ತು.

ಇಷ್ಟರಲ್ಲಿ ಚುಕ್ಕಿ ಅನ್ನುವ ಹ್ಯಾಟೆ ಒಂಬತ್ತು ಮೊಟ್ಟೆಯ ಮೇಲೆ ಕಾವಿಗೆ ಕೂತಿತ್ತು. ಇಪ್ಪತ್ತೊಂದು ದಿನಕ್ಕೆ ಮರಿ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೆವು. ಹನ್ನೆರಡನೇ ರಾತ್ರಿ ಅದು ಎದ್ದು ಹೊರಟೇ ಹೋಯಿತು. ಬೆಳಗ್ಗೆ ನೋಡಿದರೆ ನುಗ್ಗೆ ಮರದ ಮೇಲಿದೆ. ಎರಡು ದಿನ ಕಳೆದಾಗ ನಾಲ್ಕೂ ಮರದ ಮೇಲೆ. ಸಂಜೆ ಹಿಡಿದು ಗೂಡಿಗೆ ಹಾಕಿದರೆ ಮೈಮೇಲೆ ದೆವ್ವ ಬಂದ ಹಾಗೆ ಕಿರುಚುತ್ತವೆ. ಜುಟ್ಟಿನ ಕೆಂಪೆಲ್ಲ ಇಳಿದು ಬಿಳಿಚಿಕೊಂಡಿವೆ.

ಅದೇ ವಾರ ನಮಗೂ ತುರಿಕೆ ಶುರುವಾಯಿತು. ನನಗೆ ಮೊಣಕೈ, ನನ್ನಾಕೆಗೆ ಕುತ್ತಿಗೆ, ಮಗನಿಗೆ ಹೊಟ್ಟೆ. ಡಾಕ್ಟರು ಅಲರ್ಜಿ ಅಂದರು. ನಾವು ತಿಗಣೆ ಅಂದುಕೊಂಡೆವು. ಹಾಸಿಗೆ, ದಿಂಬು, ಕಂಬಳಿ ಎಲ್ಲ ತಾರಸಿಗೆ ಹೊತ್ತು ಬಿಸಿಲಿಗೆ ಹಾಕಿದೆವು. ಎದುರು ಮನೆಯವರು “ಏನ್ ಸಾರ್, ಮನೆ ಖಾಲಿ ಮಾಡ್ತಿದೀರಾ?” ಅಂತ ಕೇಳಿದಾಗ ಅವರ ದನಿಯಲ್ಲಿ ಅಷ್ಟೊಂದು ಆಸೆ ಇರಬಾರದಿತ್ತು. ಹುಂಜ ಬೆಳಗ್ಗೆ ನಾಲ್ಕಕ್ಕೇ ಕೂಗುತ್ತಿತ್ತು ಅನ್ನುವುದನ್ನೂ ಇಲ್ಲಿ ಹೇಳಬೇಕು.

ಅನುಮಾನ ಕೋಳಿಯ ಮೇಲೆ ತಿರುಗಿತು. ಹಗಲು ಹೊತ್ತಿನಲ್ಲಿ ಒಂದೊಂದನ್ನೇ ಹಿಡಿದು, ಪುಕ್ಕ ಬಿಡಿಸಿ ಬಿಡಿಸಿ ನೋಡಿದೆ. ಏನೂ ಇಲ್ಲ. ಆದರೂ ಇರಲಿ ಅಂತ ಬಕೆಟ್ಟಿಗೆ ಶಾಂಪೂ ಹಾಕಿ ನಾಲ್ಕಕ್ಕೂ ಸ್ನಾನ ಮಾಡಿಸಿದೆ. ಒದ್ದೆ ಹುಂಜ ನೋಡಿದ್ದೀರಾ? ಅಷ್ಟು ದೊಡ್ಡ ಗಂಡಸು ಒಂದೇ ಮಗ್ಗು ನೀರಿಗೆ ಕಾಲು ಕೆಜಿಗೆ ಇಳಿದುಬಿಡುತ್ತಾನೆ. ಅತ್ತೆಗೆ ಫೋನಿನಲ್ಲಿ ಹೇಳಿದರೆ ಆ ಕಡೆ ಸುಮಾರು ಹೊತ್ತು ಮಾತೇ ಇಲ್ಲ.

“ಅಳೀಮಯ್ಯ, ಕೋಳಿಗೆ ಎಣ್ಣೆ ನೀರು ಹಾಕುದ್ರಾ? ಸೀಗೆಕಾಯೂ ಉಜ್ಜುದ್ರಾ?” ಅಂದರು ಕೊನೆಗೆ. “ಅದು ನುಸಿ ಕನಪ್ಪ, ನುಸಿ. ಗೂಡ್‌ನಾಗಿರ್ತದೆ.”

ನುಸಿ! ಈ ಪದದಿಂದಲೇ ನಾನು ಕೆಟ್ಟದ್ದು. ಅಕ್ಕಿ ಡಬ್ಬದಲ್ಲಿ ಓಡಾಡುವುದೂ ನುಸಿ. ಪುಸ್ತಕದಲ್ಲಿರುವುದೂ ನುಸಿ. ಮೆಣಸಿನ ಎಲೆ ಮುದುರಿಸುವುದೂ ನುಸಿ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು, ಆಮೇಲೆ ನಮ್ಮ ಕಡೆಗೂ ಹಬ್ಬಿ, ತೆಂಗಿನಕಾಯಿಯನ್ನು ಗಾತ್ರ ಇಳಿಸಿ ಚರ್ಮ ಸುಕ್ಕು ಮಾಡಿದ್ದೂ ನುಸಿಯೇ. ಆಗ ಮಾವ ತೆಂಗಿನ ಬೇರಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ ಬೇವಿನ ಔಷಧಿ ಕುಡಿಸಿದ್ದರು. ಇವೆಲ್ಲ ಬೇರೆ ಬೇರೆ ಪ್ರಾಣಿಗಳು. ಒಂದೇ ಇನಿಷಿಯಲ್ ಇಟ್ಟುಕೊಂಡು ಓಡಾಡುತ್ತವೆ, ಅಷ್ಟೆ. ನನಗೆ ಅದೆಲ್ಲಿ ಗೊತ್ತು? ನುಸಿ ಅಂದರೆ ನುಸಿ ಗುಳಿಗೆ. ಕನ್ನಡವೇ ಔಷಧಿ ಹೇಳಿಕೊಟ್ಟಿರುವಾಗ ಡಾಕ್ಟರು ಯಾಕೆ ಅಂತ ಮೂಲೆಯಂಗಡಿಯಿಂದ ಎರಡು ಪ್ಯಾಕೆಟ್ ತಂದೆ. ಕಟ್ಟಿ ತೂಗುಹಾಕಿದೆ, ಹುಲ್ಲಿನಲ್ಲಿ ಹುದುಗಿಸಿದೆ. ಮೊಟ್ಟೆಯ ಚಿಪ್ಪಿನಲ್ಲಿ ಸಾವಿರಾರು ಸಣ್ಣ ತೂತುಗಳಿರುತ್ತವೆ ಅಂತ ಶಾಲೆಯಲ್ಲಿ ಓದಿದ್ದೆ. ಪರೀಕ್ಷೆಗೆ ಮಾತ್ರ ನೆನಪಿತ್ತು.

ಮಂಡ್ಯ ಸೀಮೆಗೆ ಹುಳದ ಪಂಡಿತರು ಹೊಸಬರಲ್ಲ. ಕೆನಡಾದವರಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದದ್ದು ಕೀಟ, ಬೂಷ್ಟುಗಳ ತಜ್ಞರಾಗಿ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಸಿದರು. ಮುಂದೆ ಮಂಡ್ಯದ ಸಕ್ಕರೆ ಕಾರ್ಖಾನೆಗಾಗಿ ಓಡಾಡಿದರು, 1933ರಲ್ಲಿ ಅದೂ ಶುರುವಾಯಿತು. ಹುಳ ನೋಡಲು ಬಂದವರು ಒಂದು ಊರನ್ನೇ ಸಿಹಿ ಮಾಡಿ ಹೋದರು. ನಾನು ಹುಳ ನೋಡಲು ಹೋಗಿ ಆಮ್ಲೆಟ್ ಕೆಡಿಸಿದೆ.

ನುಸಿ ಗುಳಿಗೆಗೆ ಜಗ್ಗಲಿಲ್ಲ ಅಂದಾಗ ಪಿರಿಯಾಪಟ್ಟಣದ ಸಹೋದ್ಯೋಗಿಯೊಬ್ಬರು ಹೊಗೆಸೊಪ್ಪು ತಂದುಕೊಟ್ಟರು. ರಾತ್ರಿ ನೆನೆಹಾಕಿ, ಬೆಳಗ್ಗೆ ಬರಿಗೈಯಲ್ಲಿ ಹಿಂಡಿದೆ. ಅದರ ನಿಕೋಟಿನ್ ಚರ್ಮದ ಮೂಲಕವೂ ಮೈಗೆ ಇಳಿಯುತ್ತದೆ ಅನ್ನುವುದು ಅರ್ಧ ಗಂಟೆಯಲ್ಲಿ ಗೊತ್ತಾಯಿತು. ಜೀವನದಲ್ಲಿ ಒಂದು ಬೀಡಿ ಸೇದದವನು ಅವತ್ತು ಬಚ್ಚಲಲ್ಲಿ ಗೋಡೆ ಹಿಡಿದು ನಿಂತು, ತಲೆ ಸುತ್ತಿ, ತಿಂದದ್ದೆಲ್ಲ ಕಕ್ಕಿದೆ. ಕೋಳಿಗಳು ನುಗ್ಗೆ ಮರದ ಮೇಲಿಂದ ನೋಡುತ್ತಿದ್ದವು.

ಆಮೇಲೇ ಪಶುವೈದ್ಯರ ಹತ್ತಿರ ಹೋದದ್ದು. ಅವರು ಎಲ್ಲ ಕೇಳಿಸಿಕೊಂಡು ಕನ್ನಡಕ ತೆಗೆದರು. ಗುಳಿಗೆ ಕೋಳಿಗೂ ವಿಷ, ನಿಮಗೂ ವಿಷ, ಮೊಟ್ಟೆ ಎಸೆಯಿರಿ ಅಂದರು. “ನೀವು ಹಗಲಲ್ಲಿ ಕೋಳಿ ನೋಡಿದ್ರಿ. ರಾತ್ರಿ ಗೂಡಿನ ಮರ ನೋಡಿ. ಟಾರ್ಚು, ಬಿಳಿ ಹಾಳೆ ತಗೊಂಡು ಹೋಗಿ.”

ಹನ್ನೊಂದು ಗಂಟೆಗೆ ಹೋದೆ. ಜಾಲರಿ ಬಾಗಿಲು ತೆಗೆದು, ಅಡ್ಡಕೋಲು ಮಂಚದ ಪಟ್ಟಿಗೆ ಸೇರುವ ಜಾಗಕ್ಕೆ ಬೆಳಕು ಬಿಟ್ಟೆ. ಮೊದಲು ಸಿಗರೇಟಿನ ಬೂದಿ ಉದುರಿದ ಹಾಗೆ ಕಂಡಿತು. ಹಗಲಲ್ಲೂ ಅದು ಅಲ್ಲೇ ಇತ್ತು, ಧೂಳು ಅಂತ ಬಿಟ್ಟಿದ್ದೆ. ಈಗ ಧೂಳು ನಡೆಯುತ್ತಿತ್ತು. ಸಂದಿಯೊಳಗಿಂದ ಬೂದು ಬಣ್ಣದವು ಹೊರಡುತ್ತಿವೆ, ಕೋಲಿನ ಮೇಲಿಂದ ಕೆಂಪಗಾಗಿ ವಾಪಸು ಬರುತ್ತಿವೆ. ಒಂದೊಂದೂ ಗಸಗಸೆ ಕಾಳಿನಷ್ಟು, ಒಂದು ಮಿಲಿಮೀಟರ್ ಇದ್ದರೆ ಹೆಚ್ಚು. ಬಿಳಿ ಹಾಳೆಯನ್ನು ಕೋಲಿನ ಅಡಿಗೆ ಒತ್ತಿ ಎಳೆದೆ. ಹಾಳೆಯ ಮೇಲೆ ಕುಂಕುಮದ ಗೆರೆ ಎಳೆದ ಹಾಗೆ ರಕ್ತ. ಚುಕ್ಕಿಯದು ಸ್ವಲ್ಪ, ಹುಂಜನದು ಸ್ವಲ್ಪ. ನೋಡುತ್ತಿದ್ದಂತೆ ಟಾರ್ಚು ಹಿಡಿದ ಕೈ ತುರಿಸಿತು. ನನ್ನದೂ ಸ್ವಲ್ಪ.

ಇದು ಕೆಂಪು ನುಸಿ. ಎಂಟು ಕಾಲು, ಜೇಡ, ಉಣ್ಣಿಗಳ ಬಳಗ. ಹೇನಿನ ಹಾಗೆ ಕೋಳಿಯ ಮೈಮೇಲೆ ಸಂಸಾರ ಹೂಡುವುದಿಲ್ಲ. ರಾತ್ರಿ ಮೆಸ್ಸಿಗೆ ಬಂದು ಉಂಡು, ಬೆಳಗಾಗುವ ಮೊದಲು ಸಂದಿ ಸೇರುತ್ತದೆ. ಸೆಖೆಗಾಲದಲ್ಲಿ ಮೊಟ್ಟೆಯಿಂದ ದೊಡ್ಡದಾಗಲು ಒಂದು ವಾರ, ಹೆಚ್ಚೆಂದರೆ ಹತ್ತು ದಿನ ಸಾಕು. ಊಟವಿಲ್ಲದೆ ತಿಂಗಳುಗಟ್ಟಲೆ ಕಾಯಬಲ್ಲದು. ಕೋಳಿಗಳು ಮರ ಹತ್ತಿದ ಮೇಲೆ ಇವು ನಮ್ಮ ಬೆಡ್‌ರೂಮಿನ ಕಿಟಕಿ ಹತ್ತಿದ್ದವು. ನಮ್ಮ ರಕ್ತ ಅವಕ್ಕೆ ಅಷ್ಟು ಒಗ್ಗುವುದಿಲ್ಲವಂತೆ. ಕೋಳಿ ಸಿಗುವವರೆಗೆ ಅಡ್ಜಸ್ಟ್ ಮಾಡಿಕೊಂಡಿದ್ದವು.

ಮುಂದಿನ ಕೆಲಸ ಕಷ್ಟದ್ದು, ಆದರೆ ಹೇಳುವುದಕ್ಕೆ ಜಾಸ್ತಿ ಇಲ್ಲ. ಹುಲ್ಲೆಲ್ಲ ಸುಟ್ಟೆ. ಮಂಕರಿಯನ್ನೂ ಸುಟ್ಟೆ. ಗೂಡು ಬಿಚ್ಚಿ ಸಂದಿಸಂದಿಗೂ ಕುದಿಯುವ ನೀರು ಹುಯ್ದು, ಬಿಸಿಲಿಗೆ ಒಣಗಿಸಿ, ಒಳಗೂ ಹೊರಗೂ ಸುಣ್ಣ ಬಳಿದೆ. ಸಂದಿಗಳಿಗೆ ಬ್ರಷ್ ತುದಿಯಿಂದ ಸುಣ್ಣ ತುಂಬಿದೆ. ಒಮ್ಮೆ ಮಾಡಿ ಬಿಟ್ಟರೆ ಉಳಿದ ಮೊಟ್ಟೆ ಒಡೆದು ಮತ್ತೆ ಶುರು, ಅದಕ್ಕೆ ಏಳನೇ ದಿನ ಇನ್ನೊಮ್ಮೆ, ಹದಿನಾಲ್ಕನೇ ದಿನ ಮತ್ತೊಮ್ಮೆ. ಈ ಸಲ ವೈದ್ಯರು ಹೇಳಿದ್ದರಲ್ಲಿ ಒಂದನ್ನೂ ಬಿಡಲಿಲ್ಲ. ತುರಿಕೆ ನಿಂತಿತು. ಕೋಳಿಗಳು ಮರ ಇಳಿದವು.

ಮುಂದಿನ ತಿಂಗಳು ಅತ್ತೆ ಬಂದರು. ಗೂಡಿನ ಸುತ್ತ ಒಂದು ಸುತ್ತು ಹಾಕಿ, ಸುಣ್ಣ ಮುಟ್ಟಿ ನೋಡಿ, “ಇದು ನಾನ್ ಕೊಟ್ಟ ಮಂಚ ಅಲ್ವಾ?” ಅಂದರು. ಮದುವೆಯಲ್ಲಿ ಅವರು ಕೊಟ್ಟ ಮಂಚ ಅದು ಅನ್ನುವುದು ನನಗೆ ಆಗಲೇ ನೆನಪಾದದ್ದು. ನನ್ನಾಕೆ ಸದ್ದಿಲ್ಲದೆ ಒಳಗೆ ಹೋದಳು. ಅತ್ತೆ ಇನ್ನೇನೂ ಅನ್ನಲಿಲ್ಲ. ಒಲೆ ಬೂದಿ ಒಂದಿಷ್ಟು ಜರಡಿ ಹಿಡಿದು, ಒಣ ಮಣ್ಣಿನ ಜೊತೆ ಹಿತ್ತಲಲ್ಲಿ ಸುರಿದರು. ಕೋಳಿ ಅದರಲ್ಲಿ ಹೊರಳಿದರೆ ಧೂಳು ಪುಕ್ಕದೊಳಗೆ ಇಳಿದು ಹೇನು, ನುಸಿಗಳ ಮೈ ಒಣಗಿಸುತ್ತದೆ. “ಇದು ಕನಪ್ಪ ಕೋಳಿ ಸ್ನಾನ. ನಿಮ್ ಶಾಂಪೂ ಅಲ್ಲ.”

ಕೋಳಿಗಳಿಗೆ ಬಹಳ ಇಷ್ಟವಾಯಿತು. ರೆಕ್ಕೆ ಅಗಲಿಸಿ, ಕಣ್ಣು ಮುಚ್ಚಿ, ಒಂದೊಂದೂ ಅರ್ಧ ಗಂಟೆ ಹೊರಳುತ್ತವೆ. ಗುಂಡಿ ದಿನಕ್ಕೊಂದು ಅಡಿ ಅಗಲವಾಗುತ್ತಿದೆ. ಒಂದೇ ತೊಂದರೆ, ಅತ್ತೆ ಬೂದಿ ಸುರಿದದ್ದು ಮೆಣಸಿನ ಪಾತಿಯ ಪಕ್ಕ. ಎಲೆ ಮೇಲಕ್ಕೆ ಮುದುರಿದೆಯೋ ಕೆಳಕ್ಕೆ ಮುದುರಿದೆಯೋ ಅಂತ ಭೂತಗನ್ನಡಿ ಹಿಡಿದು ಕೂರುವ ಕೆಲಸ ಈಗ ಇಲ್ಲ. ಗಿಡಗಳೇ ಇಲ್ಲ.

ನಾಳೆ ಅತ್ತೆ ಊರಿಗೆ ಹೊರಡುತ್ತಾರೆ. ಅರ್ಧ ಕೆಜಿ ಹಸಿಮೆಣಸಿನಕಾಯಿ ತರಲು ದೇವರಾಜ ಮಾರ್ಕೆಟ್ಟಿಗೆ ಚೀಲ ಹಿಡಿದು ಹೊರಟಿದ್ದೇನೆ. ಹುಂಜ ಗೇಟಿನವರೆಗೂ ಬಂದು ಬೀಳ್ಕೊಟ್ಟಿತು. ಯಾವ ಸಾರಿಗೆ ಮೆಣಸಿನಕಾಯಿ ಅಂತ ಅದಕ್ಕೆ ಯಾರೂ ಹೇಳಿಲ್ಲ.