ಸತ್ಯಾಂಶ: ಹುಣಸೆಹುಳಿ ತಿಂದರೆ ಕೀಲುವಾತ ಬರುತ್ತದೆಯೇ?

‘ಹುಣಸೆಹುಳಿ, ಬದನೆಕಾಯಿ, ತಣ್ಣೀರು ಸ್ನಾನದಿಂದ ರುಮಟಾಯ್ಡ್ ಆರ್ಥ್ರೈಟಿಸ್ ಬರುತ್ತದೆ; ಬಿಟ್ಟರೆ ವಾಸಿ’ ಎಂಬ ವಾಟ್ಸ್‌ಆ್ಯಪ್ ಸಂದೇಶ ತಪ್ಪು. ಚಳಿಗೆ ನೋವು ಹೆಚ್ಚೆನಿಸಬಹುದು, ಆದರೆ ಕಾಯಿಲೆ ಹುಟ್ಟುವುದು ಅದರಿಂದಲ್ಲ.

ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೀಲುಗಳ ಮೇಲೆ ಎರಗುವ ಈ ಕಾಯಿಲೆ ಹಲವರಲ್ಲಿ ಕೀಲಿನಿಂದ ದೂರ, ಶ್ವಾಸಕೋಶ ಅಥವಾ ವಸಡಿನಲ್ಲಿ ಮೊಳೆಯುತ್ತದೆ ಎನ್ನಲು ಪುರಾವೆಗಳಿವೆ. ಬೀಡಿ, ಸಿಗರೇಟಿನ ಹೊಗೆಯೋ ವಸಡಿನ ಸೋಂಕೋ ಅಲ್ಲಿ ಉರಿಯೂತ ಎಬ್ಬಿಸಿದಾಗ, ಪಿಎಡಿ ಎಂಬ ಕಿಣ್ವ ಪ್ರೋಟೀನುಗಳಲ್ಲಿರುವ ಆರ್ಜಿನೈನ್ ಎಂಬ ಅಮೈನೊ ಆಮ್ಲವನ್ನು ಸಿಟ್ರುಲಿನ್ ಎಂಬ ಇನ್ನೊಂದಾಗಿ ಮಾರ್ಪಡಿಸುತ್ತದೆ. ಇಷ್ಟು ಎಲ್ಲರಲ್ಲೂ ಆಗುವಂಥದ್ದೇ. ಎಚ್‌ಎಲ್‌ಎ-ಡಿಆರ್‌ಬಿ1 ವಂಶವಾಹಿಯ ಕೆಲವು ರೂಪಗಳನ್ನು ಹೊತ್ತವರಲ್ಲಿ ಮಾತ್ರ ಟಿ ಕಣಗಳು (ರಕ್ಷಣಾ ವ್ಯವಸ್ಥೆಯ ಬಿಳಿ ರಕ್ತಕಣಗಳು) ಈ ಬದಲಾದ ಪ್ರೋಟೀನನ್ನು ಪರಕೀಯವೆಂದು ಭಾವಿಸುವ ಸಾಧ್ಯತೆ ಹೆಚ್ಚು. ಅವುಗಳ ಕುಮ್ಮಕ್ಕಿನಿಂದ ಬಿ ಕಣಗಳೆಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು ಪ್ರತಿಕಾಯ ತಯಾರಿಸುತ್ತವೆ. ಆ್ಯಂಟಿ-ಸಿಸಿಪಿ ಎಂಬ ರಕ್ತಪರೀಕ್ಷೆ ಹುಡುಕುವುದು ಈ ಪ್ರತಿಕಾಯಗಳನ್ನೇ. ಕೀಲಿನಲ್ಲಿ ಬಾವು ಕಾಣಿಸುವ ಹಲವು ವರ್ಷ ಮೊದಲೇ ಅವು ರಕ್ತದಲ್ಲಿ ಸಿಗಬಹುದು. ಆಮೇಲೆ ಉರಿಯೂತ ಕೀಲಿಗೂ ತಲುಪಿ, ಅದರ ಒಳಪೊರೆ ದಪ್ಪಗಾಗಿ ಮೃದ್ವಸ್ಥಿ, ಮೂಳೆಗಳನ್ನು ಕೊರೆಯುತ್ತದೆ.

‘ಆರ್‌ಎ ಫ್ಯಾಕ್ಟರ್ ಪಾಸಿಟಿವ್’ ಎಂದು ಇನ್ನೊಂದು ಪ್ರತಿಕಾಯದ ರಕ್ತಪರೀಕ್ಷೆ ಹೇಳಿದಾಕ್ಷಣ ಕಾಯಿಲೆ ಖಚಿತವಲ್ಲ, ಆರೋಗ್ಯವಂತ ವೃದ್ಧರಲ್ಲೂ ಬರುತ್ತದೆ. ಬೆಳಿಗ್ಗೆ ಬೆರಳ ಗಿಣ್ಣುಗಳ ಬಿಗಿತ ಅರ್ಧ ಗಂಟೆ ಮೀರಿ, ಬಾವು 6 ವಾರ ಇಳಿಯದಿದ್ದರೆ ಪಥ್ಯ ನೆಚ್ಚಿ ಕೂರದೆ ರುಮಟಾಲಜಿಸ್ಟರನ್ನು (ಕೀಲುವಾತದ ತಜ್ಞವೈದ್ಯರು) ಕಾಣಿ. ಈ ಕಾಯಿಲೆಗೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ಬರೆದುಕೊಟ್ಟರೆ ಅದು ವಾರಕ್ಕೊಮ್ಮೆ ಮಾತ್ರ. ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ.