ದಾನಿಯ ಕವಾಟಕ್ಕೂ ದಿನಾ ಮಾತ್ರೆ ಬೇಕೇ?

ಪರ

ಕಿಡ್ನಿ ಕಸಿಯಾದವರು, ದೇಹ ಅದನ್ನು ತಿರಸ್ಕರಿಸದಂತೆ ನಿರೋಧಶಕ್ತಿ ತಗ್ಗಿಸುವ ಮಾತ್ರೆ ನುಂಗಬೇಕೇ ಎಂದು ಯಾರೂ ಚರ್ಚೆಗೆ ಕೂರುವುದಿಲ್ಲ. ಹೃದಯ ಕವಾಟ ಅಂದರೆ ಮಾತ್ರ, 'ಅಯ್ಯೋ, ಅದೊಂದು ತೆಳು ಪದರ, ದೇಹಕ್ಕೆ ಗೊತ್ತೇ ಆಗಲ್ಲ' ಎಂಬ ಸಮಾಧಾನ. 1962ರಲ್ಲಿ ಲಂಡನ್ನಿನ ಡೊನಾಲ್ಡ್ ರಾಸ್, ಆಕ್ಲೆಂಡಿನ ಬ್ರಯಾನ್ ಬ್ಯಾರೆಟ್-ಬಾಯ್ಸ್ ಮೃತ ದಾನಿಗಳ ಕವಾಟ ಕೂರಿಸಿದ ಕಾಲದ ನಂಬಿಕೆ ಇನ್ನೂ ಹೋಗಿಲ್ಲ. ದೇಹಕ್ಕೆ ಚೆನ್ನಾಗಿಯೇ ಗೊತ್ತಾಗುತ್ತದೆ. ದ್ರವ ನೈಟ್ರೋಜನ್‌ನಲ್ಲಿ ಕಾಪಿಟ್ಟ ಕವಾಟ ಪಡೆದ ಮಕ್ಕಳ ರಕ್ತ ನೋಡಿ: ದಾನಿಯ ಎಚ್‌ಎಲ್‌ಎ ಗುರುತುಗಳ (ಜೀವಕೋಶ ನಮ್ಮದೋ ಪರರದೋ ಎಂದು ದೇಹಕ್ಕೆ ತಿಳಿಸುವ ಗುರುತುಗಳು) ಮೇಲೆ ತಿರುಗಿಬಿದ್ದ ಪ್ರತಿಕಾಯಗಳು ಬಹುಪಾಲು ಮಕ್ಕಳಲ್ಲಿ ಸಿಗುತ್ತವೆ. ಮುಂದೆ ಆ ಮಗುವಿಗೆ ಇಡೀ ಹೃದಯವೇ ಬೇಕಾಯಿತೆನ್ನಿ, ಹೊಂದುವ ದಾನಿಯನ್ನು ಹುಡುಕುವುದೂ ಕಷ್ಟ.

ನಾನು ಆಪರೇಷನ್ ಥಿಯೇಟರಿನಲ್ಲಿ ಕೆಲಸ ಮಾಡಿದವಳು. ಹೀಗೆ ಕೂರಿಸಿದ ದಾನಿಯ ಕವಾಟ ಕೆಟ್ಟಾಗ ಅದನ್ನು ತೆಗೆದು ಸ್ಟೀಲ್ ಟ್ರೇಗೆ ಹಾಕಿದರೆ ಟಣ್ ಎನ್ನುತ್ತದೆ. ಸುಣ್ಣಗಟ್ಟಿದ ಗೋಡೆಗೆ ಕತ್ತರಿ ಇಟ್ಟರೆ ಮೊಟ್ಟೆಯ ಚಿಪ್ಪಿನಂತೆ ಕರಕರ ಒಡೆಯುತ್ತದೆ. ಕೂಸುಗಳಲ್ಲಂತೂ ಇದಕ್ಕೆ ಕೆಲವೇ ವರ್ಷ ಸಾಕು. ಆಮೇಲೆ ಮತ್ತೆ ಎದೆ ಸೀಳಬೇಕು.

2022ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವೈದ್ಯರು ನವಜಾತ ಶಿಶುವೊಂದಕ್ಕೆ ಜೀವಂತ ಕವಾಟಗಳನ್ನು ಕಸಿಮಾಡಿ, ನಿರೋಧಶಕ್ತಿ ತಗ್ಗಿಸುವ ಔಷಧ ಕೊಟ್ಟರು. ಕವಾಟಗಳು ಮಗುವಿನ ಜೊತೆಗೇ ಬೆಳೆದವು. ಬೆಳೆಯುವ ಕವಾಟ! ಇಷ್ಟಾದ ಮೇಲೂ, ನಿರೋಧಶಕ್ತಿ ತಗ್ಗಿದರೆ ಸೋಂಕು ತಗಲುತ್ತದೆಂದು ಗುಮ್ಮ ತೋರಿಸುವವರು ಮಕ್ಕಳನ್ನು ಮನೆಯಿಂದ ಹೊರಗೇ ಬಿಡಬಾರದು.

ವಿರೋಧ

ವಿರೋಧದ ಪಾಲು ನನಗೆ ಬಂದಿದೆ, ಬರೆಯುತ್ತೇನೆ. ಬೆಳೆಯುವ ಕವಾಟದ ವಿಚಾರ ಸದ್ಯಕ್ಕೆ ಪಕ್ಕಕ್ಕಿರಲಿ. ಟ್ರೇಯ ಸದ್ದಿಗೆ ಬೆಚ್ಚಿ ಎಲ್ಲರ ಬಾಯಿಗೂ ಮಾತ್ರೆ ಹಾಕಲಾಗದು.

ನನ್ನ ತಮ್ಮನಿಗೆ ಕಿಡ್ನಿ ಕಸಿಯಾಗಿದೆ. ಹನ್ನೆರಡು ಗಂಟೆಗೊಮ್ಮೆ ಟ್ಯಾಕ್ರೊಲಿಮಸ್, ಅದೇ ನಿರೋಧಶಕ್ತಿ ತಗ್ಗಿಸುವ ಮಾತ್ರೆ. ರಕ್ತಪರೀಕ್ಷೆಯ ದಿನ ಬೆಳಗಿನ ಮಾತ್ರೆ ನುಂಗದೆ ಲ್ಯಾಬಿಗೆ ಓಡಬೇಕು, ನುಂಗಿಬಿಟ್ಟರೆ ಲೆಕ್ಕ ತಪ್ಪುತ್ತದೆ. ಔಷಧದ ಮಟ್ಟ ಏರಿತೋ, ಹೊಸ ಕಿಡ್ನಿಗೇ ಏಟು; ಇಳಿಯಿತೋ, ದೇಹ ಅದನ್ನು ಒಲ್ಲೆ ಎನ್ನುತ್ತದೆ. ಸಹಿ ಹಾಕುವಾಗ ಅವನ ಬೆರಳು ನಡುಗುತ್ತದೆ, ಬ್ಯಾಂಕಿನವರು ಚೆಕ್ ವಾಪಸ್ ಕಳಿಸಿದ್ದೂ ಉಂಟು. ಬಂದ ನೆಂಟರು ಸೀನಿದರೆ ಮಾತು ಅರ್ಧಕ್ಕೆ ಬಿಟ್ಟು ಒಳಗೆ ಹೋಗುತ್ತಾನೆ. 'ಅಕ್ಕಾ, ಕಾಯಿಲೆ ಹೋಯ್ತು, ಕಾವಲು ಉಳೀತು' ಅನ್ನುತ್ತಾನೆ. ಅವನಿಗಾದರೆ ಬೇರೆ ದಾರಿ ಇಲ್ಲ, ಬಿಟ್ಟರೆ ಡಯಾಲಿಸಿಸ್.

ಕವಾಟಕ್ಕೆ ದಾರಿ ಇದೆ. ಜರ್ಮನಿಯ ಹ್ಯಾನೋವರಿನಲ್ಲಿ ದಾನಿಯ ಜೀವಕೋಶಗಳನ್ನೇ ತೊಳೆದು ತೆಗೆದ ಕವಾಟ ಕೂರಿಸುತ್ತಿದ್ದಾರೆ. ದೇಹ ಮುನಿಯಲು ಕಾರಣವೇ ಕಡಿಮೆ. ಮೊದಲು ಅದು ಎಲ್ಲ ಕಡೆ ಸಿಗುವಂತಾಗಲಿ.