ಭಾವನ ಕೈಸಾಲ, ಕಾರ್ಡಿನ ಸಾಲ

ಮೊನ್ನೆ ಪರಿಚಯದ ಹುಡುಗನೊಬ್ಬ ಫೋನ್ ಮಾಡಿದ್ದ. ಲೇಆಫ್ ಆಗಿದೆ, ಮೂರು ಕಾರ್ಡಿನ ಬಾಕಿ ಬೆಳೆಯುತ್ತಿದೆ. "401(ಕೆ) ದುಡ್ಡು ತೆಗೆದು ಕಟ್ಟಿಬಿಡ್ಲಾ ಅಣ್ಣ?" ಅಂದ. 401(ಕೆ) ಅಂದರೆ ಇಲ್ಲಿ ಅಮೆರಿಕದಲ್ಲಿ ಕೆಲಸದ ಮೂಲಕ ನಿವೃತ್ತಿಗೆಂದು ಕೂಡಿಡುವ ದುಡ್ಡು. ಬೇಡ ಮಾರಾಯ, ಮೊದಲು ವಕೀಲರನ್ನು ನೋಡು ಅಂದೆ.

ನಾನಿರುವುದು ಡೆಟ್ರಾಯ್ಟ್ ಹತ್ತಿರ. 2009ರ ಏಪ್ರಿಲ್ 30ಕ್ಕೆ ಕ್ರೈಸ್ಲರ್, ಜೂನ್ 1ಕ್ಕೆ ಜನರಲ್ ಮೋಟರ್ಸ್ ದಿವಾಳಿ ಅರ್ಜಿ ಹಾಕಿದವು. ಕೋರ್ಟಿನಿಂದ ಎದ್ದು ಬಂದು ಮತ್ತೆ ಕಾರು ಮಾಡಿದವು. ಅದೇ ವರ್ಷ ಬಿಡಿಭಾಗದ ಕಾರ್ಖಾನೆಯಲ್ಲಿ ಕೆಲಸ ಕಳಕೊಂಡ ನನ್ನ ದಾವಣಗೆರೆಯ ಗೆಳೆಯನಿಗೆ ಮಾತ್ರ 'ಪಾಪರ್' ಅನ್ನೋ ಪದ ಕೇಳಿದರೇ ನಡುಕ. ಮಾನ ಉಳಿಸಿಕೊಳ್ಳಲು ನಿವೃತ್ತಿಗೆ ಇಟ್ಟ ದುಡ್ಡು ತೆಗೆದ. ತೆರಿಗೆ ಹೋಯಿತು, ಮೇಲೆ ಶೇ. 10 ದಂಡ. ಉಳಿದದ್ದನ್ನು ಕಾರ್ಡುಗಳಿಗೆ ಸುರಿದ. ಎಂಟು ತಿಂಗಳಲ್ಲಿ ಎಲ್ಲ ಖಾಲಿ. ಆಮೇಲೆ ವಕೀಲರ ಹತ್ತಿರ ಹೋದರೆ ಗೊತ್ತಾಗಿದ್ದೇನು? ದಿವಾಳಿ ಅರ್ಜಿ ಹಾಕಿದ್ದರೂ ಆ ನಿವೃತ್ತಿ ದುಡ್ಡನ್ನು ಸಾಲ ಕೊಟ್ಟವರು ಮುಟ್ಟುವಂತಿರಲಿಲ್ಲ!

ವಕೀಲರಿಂದ ಇನ್ನೊಂದು ಪ್ರಶ್ನೆ ಬಂತು. "ಈಚೆಗೆ ನೆಂಟರಿಗೆ ಏನಾದರೂ ಸಾಲ ತೀರಿಸಿದ್ದೀರಾ?" ತೀರಿಸಿದ್ದ. ನ್ಯೂಜೆರ್ಸಿಯ ಭಾವನ ಕೈಸಾಲ. ನಮ್ಮಲ್ಲಿ ಅದೇ ಕ್ರಮ ಅಲ್ವಾ? ಬ್ಯಾಂಕು ಕಾಯಲಿ, ಭಾವನಿಗೆ ಮೊದಲು ಕೊಡು, ನಾಳೆ ಮದುವೆಮನೆಯಲ್ಲಿ ಮುಖ ನೋಡಬೇಕು. ಇಲ್ಲಿನ ಕಾನೂನು ಉಲ್ಟಾ. ಅರ್ಜಿಗೆ ಹಿಂದಿನ ಒಂದು ವರ್ಷದಲ್ಲಿ ಹತ್ತಿರದ ನೆಂಟರಿಗೆ ತೀರಿಸಿದ ಸಾಲವನ್ನು, ದಿವಾಳಿ ಪ್ರಕರಣ ನೋಡಿಕೊಳ್ಳುವ ಟ್ರಸ್ಟಿ ಆ ನೆಂಟರಿಂದಲೇ ವಾಪಸ್ ಕೇಳಬಹುದು. ಆಗ ನನಗೆ ಸಿಟ್ಟೇ ಬಂದಿತ್ತು. ಈಗ ಅನಿಸುತ್ತದೆ, ಸಾಲ ಕೊಟ್ಟವರೆಲ್ಲ ಒಂದೇ ಸಾಲಿನಲ್ಲಿ ನಿಲ್ಲಬೇಕು ಅನ್ನೋದು ತಪ್ಪೇನಲ್ಲ.

ಇಲ್ಲಿನದೆಲ್ಲ ಚಂದ ಅನ್ನುತ್ತಿಲ್ಲ. ಚಾಪ್ಟರ್ 7 ಅನ್ನೋ ಬಗೆಯ ದಿವಾಳಿ ಅರ್ಜಿ ಹಾಕಿದರೆ ಕ್ರೆಡಿಟ್ ರಿಪೋರ್ಟಿನಲ್ಲಿ 10 ವರ್ಷ ಕೂತಿರಬಹುದು. ಓದಿನ ಸಾಲ ಸುಲಭಕ್ಕೆ ಬಿಡುವುದಿಲ್ಲ. ಆದರೆ ಅರ್ಜಿ ಹಾಕಿದ ದಿನದಿಂದ ವಸೂಲಿಯವರ ಫೋನ್ ನಿಲ್ಲಬೇಕು, ಅದು ಕಾನೂನು. ನಮ್ಮೂರಲ್ಲಿ ಮೈಕ್ರೋಫೈನಾನ್ಸ್‌ನವರು ಮನೆಮುಂದೆ ಬಂದು ಕೂರುವುದನ್ನು ತಡೆಯಲು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯೇ ಬರಬೇಕಾಯಿತು. ಭಾರತದ 2016ರ ದಿವಾಳಿ ಸಂಹಿತೆಯಲ್ಲಿ ಸಾಮಾನ್ಯ ಜನರಿಗೂ ಒಂದು ಭಾಗ ಇದೆ. 2019ರಲ್ಲಿ ಜಾರಿಯಾಗಿದ್ದು ಮಾತ್ರ ಕಂಪನಿ ಸಾಲಕ್ಕೆ ಜಾಮೀನು ನಿಂತವರ ಮಟ್ಟಿಗೆ.

ಗೆಳೆಯ ಭಾವನಿಗೆ ಕೊಟ್ಟು ಒಂದು ವರ್ಷ ಕಳೆಯುವವರೆಗೆ ಕಾದ. ವಸೂಲಿಯವರ ಫೋನುಗಳನ್ನು ಸುಮ್ನೆ ಕೇಳಿಸಿಕೊಂಡ. ಆಮೇಲೆ ಅರ್ಜಿ ಹಾಕಿದ. ಭಾವನಿಗೆ ಇವತ್ತಿಗೂ ವಿಷಯ ಗೊತ್ತಿಲ್ಲ.